ಎಂಬತ್ತೋ, ಎಂಬತ್ತೆರಡೋ?

‘ಹತ್ತು ದಿನದಲ್ಲಿ ಒಂದು ಸಿಲಿಂಡರ್ ಬೇಕು ಸಾರ್, ಪ್ರೆಸ್ ನಿಂತುಬಿಟ್ಟಿದೆ.’ ಪೀಣ್ಯದ ಹೈಡ್ರಾಲಿಕ್ ವರ್ಕ್‌ಶಾಪ್‌ಗಳಲ್ಲಿ ಈ ಮಾತು ಕೇಳಿಬರದ ವಾರವಿಲ್ಲ. ಅದಕ್ಕೆ ಉತ್ತರವಾಗಿ ಮೊದಲು ದರ ಹೇಳುವವರಿಗಿಂತ ಮೊದಲು ಡ್ರಾಯಿಂಗ್ ಕೇಳುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಹೋದ ವರ್ಷ ಹಾಗೆ ಓಡಿದವನು ನಾನೇ. ಹಳೆಯ ಪ್ರೆಸ್ಸಿನ ಸಿಲಿಂಡರ್ ಬಿಚ್ಚಿ ಅಳೆದು, ಡ್ರಾಯಿಂಗ್‌ನಲ್ಲಿ ಬೋರ್ 82 ಮಿ.ಮೀ. ಎಂದು ಬರೆದಿದ್ದೆ. ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದರು: ‘80 ಆದರೆ ನಡೆಯಲ್ವಾ ಸಾರ್?’

ನಡೆಯುತ್ತಿತ್ತು. 63, 80, 100, 125 ಇವೆಲ್ಲ ಅಂತರರಾಷ್ಟ್ರೀಯ ಮಾನಕದ ಬೋರ್‌ಗಳು. ಈ ಅಳತೆಗೆ ಹೋನಿಂಗ್ ಆದ ಟ್ಯೂಬು, ಒಪ್ಪುವ ಸೀಲು ಅಂಗಡಿಯಲ್ಲೇ ಸಿಗುತ್ತವೆ. 82 ಎಂದರೆ ಟ್ಯೂಬ್ ಕೊರೆಸಬೇಕು, ಹೋನಿಂಗ್‌ಗೆ ಸರದಿ ಕಾಯಬೇಕು, ಸೀಲನ್ನೂ ಬೇರೆಯಾಗಿ ಮಾಡಿಸಬೇಕು. 160 ಬಾರ್ ಒತ್ತಡದಲ್ಲಿ 80ರ ಬೋರ್ ಸುಮಾರು 8.2 ಟನ್ ತಳ್ಳುತ್ತದೆ, 82ರದ್ದು 8.6. ನನ್ನ ಕೆಲಸಕ್ಕೆ ಬೇಕಿದ್ದದ್ದು 7. ನನ್ನ ಯಂತ್ರಕ್ಕೇ ವಿಶೇಷವಾಗಿದ್ದವು ಸ್ಟ್ರೋಕಿನ ಉದ್ದ, ಫ್ಲೇಂಜಿನ ತೂತುಗಳು ಮತ್ತು ರಾಡಿನ ತುದಿಯ ಕಣ್ಣು ಮಾತ್ರ. ಅಷ್ಟನ್ನೇ ಹೇಳಿ ಮಾಡಿಸಿದೆವು.

ದಿನ ಉಳಿಸುವುದಿದ್ದರೆ ಹೀಗೆ ಕಾಗದದ ಮೇಲೇ ಉಳಿಸಬೇಕು. ಲೋಹದ ಮೇಲೆ ಅವಸರ ಮಾಡಿದರೆ ಅದು ಎಣ್ಣೆಯಾಗಿ ಸೋರುತ್ತದೆ. ಎಚ್8 ಮಿತಿಯಲ್ಲಿ 80ರ ಬೋರ್ ಹೆಚ್ಚೆಂದರೆ 46 ಮೈಕ್ರಾನ್ ದೊಡ್ಡದಿರಬಹುದು; ಒಂದು ಮೈಕ್ರಾನೂ ಚಿಕ್ಕದಾಗುವಂತಿಲ್ಲ. ರಾಡಿನ ಕ್ರೋಮ್ ಪದರ ಸಾಮಾನ್ಯವಾಗಿ 20ರಿಂದ 25 ಮೈಕ್ರಾನ್. ಅದು ತೆಳುವಾದರೆ ತುಕ್ಕು ಬೇಗ ಕಚ್ಚುತ್ತದೆ, ಒರಟಾದ ರಾಡ್ ಸೀಲನ್ನು ತಿಂದುಹಾಕುತ್ತದೆ. ಹಾಗಾಗಿ ಆರ್ಡರ್ ಕೊಡುವಾಗಲೇ ಒತ್ತಡ, ಎಣ್ಣೆಯ ಜಾತಿ, ಅದರ ಬಿಸಿ ಇವನ್ನೂ ಬರೆದುಕೊಡಿ. ಸೀಲಿನ ಆಯ್ಕೆ ನಿಂತಿರುವುದು ಇವುಗಳ ಮೇಲೆ.

ಒಂಬತ್ತನೇ ದಿನ ಸಂಜೆ ಸಿಲಿಂಡರ್ ಟೆಸ್ಟ್ ಬೆಂಚಿಗೇರಿತು. ಲಾರಿ ಗೇಟಿನಲ್ಲಿ ಕಾಯುತ್ತಿತ್ತು. ‘ಲಾರಿ ಕಾಯಲಿ ಸಾರ್’ ಎಂದು ಫಿಟ್ಟರ್ ಒತ್ತಡವನ್ನು ಒಂದೂವರೆ ಪಟ್ಟು, 240 ಬಾರ್‌ಗೆ ಏರಿಸಿ, ಗ್ಲ್ಯಾಂಡಿನ ಕೆಳಗೆ ಹಳೆಯ ಪತ್ರಿಕೆ ಹಾಸಿದರು. ಸ್ವಲ್ಪ ಹೊತ್ತಿನ ನಂತರ ಬಾಗಿ ನೋಡಿದೆ. ಹಾಳೆಯ ಮೇಲೆ ಒಂದು ಹನಿಯೂ ಇರಲಿಲ್ಲ.