ಡಿಸ್ಟ್ರಿಬ್ಯೂಟರಿಯಿಂದ ಟ್ರಿಬ್ಯುನಲ್‌ವರೆಗೆ

ತುರ್ವಿಹಾಳದ ಸುತ್ತಮುತ್ತ ಭತ್ತ ಬೆಳೆಯುವವರ ದಿನದ ಮಾತಿನಲ್ಲಿ ಡಿಸ್ಟ್ರಿಬ್ಯೂಟರಿ, ಗೇಜ್, ಕ್ಯೂಸೆಕ್, ಟೇಲೆಂಡ್ ಎಲ್ಲವೂ ಸಲೀಸಾಗಿ ಬಂದು ಹೋಗುತ್ತವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕ್ರೆಸ್ಟ್ ಗೇಟ್, ಸ್ಟಾಪ್‌ಲಾಗ್ ಎಂಬ ಪದಗಳು ಆ ದಿನಗಳಲ್ಲಿ ಎಡದಂಡೆಯ ಹೊಟೇಲು ಕಟ್ಟೆಗಳಿಗೂ ಬಂದವು. ಯಾರೂ ಅವನ್ನು ಬಾಯಿಪಾಠ ಮಾಡಲಿಲ್ಲ. ಆ ಹಂಗಾಮಿನ ಬೆಳೆ ಉಳಿಯುತ್ತದೋ ಇಲ್ಲವೋ ಎಂಬುದು ಆ ಪದಗಳಿಗೆ ತಗಲಿಕೊಂಡಿತ್ತು, ಅಷ್ಟೇ ಸಾಕಾಯಿತು.

ಅದೇ ಊರುಗಳಿಂದ ಸಿಂಧನೂರಿಗೆ, ಲಿಂಗಸುಗೂರಿಗೆ ಓದಲು ಹೋಗುವ ಮಕ್ಕಳು ಇಂಗ್ಲಿಷ್ ಪದಸಂಪತ್ತು ಬೆಳೆಸಬೇಕೆಂದು ಕೈಗೆತ್ತಿಕೊಳ್ಳುವುದು ಮಾತ್ರ ಕಠಿಣ ಪದಗಳ ಪಟ್ಟಿಯನ್ನು. ‘ಎ’ ಅಕ್ಷರದಿಂದ ಶುರುವಾಗುವ ಆ ಪಟ್ಟಿ ‘ಡಿ’ ಮುಟ್ಟುವಷ್ಟರಲ್ಲಿ ಹುಮ್ಮಸ್ಸು ಬತ್ತುತ್ತದೆ. ತಪ್ಪು ಮಕ್ಕಳದಲ್ಲ, ಪಟ್ಟಿಯದು. 1885ರಲ್ಲಿ ಜರ್ಮನಿಯ ಮನೋವಿಜ್ಞಾನಿ ಹೆರ್ಮನ್ ಎಬ್ಬಿಂಗ್‌ಹೌಸ್ ಮರೆವನ್ನು ಅಳೆದು ತೋರಿಸಿದ. ಅದಕ್ಕೆ ಅವನು ಬಳಸಿದ್ದು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು. ತಾನೇ ಅವನ್ನು ಬಾಯಿಪಾಠ ಮಾಡಿದ. ಒಂದು ದಿನ ಕಳೆಯುವುದರೊಳಗೆ ಬಹುಪಾಲು ಜಾರಿಹೋಗಿತ್ತು. ಸಂದರ್ಭವಿಲ್ಲದ ಪದಪಟ್ಟಿಯೂ ಓದುವವನ ಪಾಲಿಗೆ ಅಂಥದ್ದೇ ಗುಚ್ಛ. ಆ ಪಟ್ಟಿಗಳ ತಲೆಯಲ್ಲೇ ಸಾಮಾನ್ಯವಾಗಿ ‘ಅಬೇಟ್’ ಎಂಬ ಪದ ಇರುತ್ತದೆ. ಎದುರಿಗೆ ‘ಕಡಿಮೆಯಾಗು’ ಎಂದು ಬರೆದು ಮುಗಿಸಿರುತ್ತಾರೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ನಮ್ಮ ಮಕ್ಕಳಿಗೆ ಅದನ್ನು ನೆರೆ ಇಳಿಯುವ ಸುದ್ದಿಯಲ್ಲಿ ಒಮ್ಮೆ ಓದಿಸಿದರೆ ಸಾಕು, ಪದ ಕೈಬಿಡುವುದಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು: ನಿಮ್ಮ ನೆಲಕ್ಕೆ ಆಗಲೇ ಬಂದಿರುವ ಪದದಿಂದ ಹೊರಡಿ. ಡಿಸ್ಟ್ರಿಬ್ಯೂಟರಿಯನ್ನೇ ತೆಗೆದುಕೊಳ್ಳೋಣ. ಇದರ ಬೇರು ಲ್ಯಾಟಿನ್ನಿನಲ್ಲಿದೆ. ಪಾಲು ಕೊಡುವುದು, ಹಂಚುವುದು ಎಂದು ಅದರ ಅರ್ಥ. ನೀರನ್ನು ಪಾಲು ಮಾಡಿ ಹೊರಗೆ ಕಳಿಸುವುದು ಡಿಸ್ಟ್ರಿಬ್ಯೂಟರಿ, ತನ್ನ ನೀರನ್ನು ದೊಡ್ಡ ನದಿಗೆ ತಂದೊಪ್ಪಿಸುವುದು ಟ್ರಿಬ್ಯುಟರಿ. ಕೃಷ್ಣೆಗೆ ತುಂಗಭದ್ರೆ ಟ್ರಿಬ್ಯುಟರಿ. ನಮ್ಮ ಪಾಲನ್ನು ಸೇರಿಸಿದರೆ ಕಾಂಟ್ರಿಬ್ಯೂಟ್, ಒಂದು ಕಾರಣವನ್ನು ಒಬ್ಬರ ಪಾಲಿಗೆ ಹಚ್ಚಿದರೆ ಅಟ್ರಿಬ್ಯೂಟ್, ಮಾಡಿದ ಕೇಡಿಗೆ ತಕ್ಕ ಪಾಲು ತಿರುಗಿ ಬಂದರೆ ರೆಟ್ರಿಬ್ಯೂಷನ್. ಈ ಬೇರಿನ ಹಿಂದೆ ಇನ್ನೂ ಹಳೆಯ ಪದವೊಂದಿದೆ: ರೋಮಿನ ಜನರನ್ನು ಪಂಗಡಗಳಾಗಿ ವಿಂಗಡಿಸಿದ್ದ ‘ಟ್ರಿಬಸ್’. ಪಂಗಡಗಳಿಗೆ ಹಂಚುವುದರಿಂದ ಹಂಚಿಕೆಯ ಕ್ರಿಯಾಪದ ಹುಟ್ಟಿತು, ಪಂಗಡಗಳ ಅಧಿಕಾರಿ ಕೂರುವ ಪೀಠದಿಂದ ಟ್ರಿಬ್ಯುನಲ್ ಹುಟ್ಟಿತು. ನಮ್ಮ ಹೊಲಕ್ಕೆ ನೀರು ತರುವ ಕಾಲುವೆಗೂ ಆ ನೀರಿನ ಪಾಲು ತೀರ್ಮಾನಿಸುವ ನ್ಯಾಯಮಂಡಳಿಗೂ ಮೂಲ ಒಂದೇ ಎಂದು ತಿಳಿದ ಹುಡುಗಿ ಈ ಪದಗಳನ್ನು ಮರೆಯುವುದು ಹೇಗೆ?

ಹೂಳಿನದೂ ಇಂಥದ್ದೇ ಕಥೆ. ತುಂಗಭದ್ರಾ ಜಲಾಶಯದ ಮೊದಲಿನ ಸಾಮರ್ಥ್ಯ 133 ಟಿಎಂಸಿ, ಹೂಳು ತುಂಬಿ ಈಗ ಉಳಿದದ್ದು ಸುಮಾರು 105. ಎಂಜಿನಿಯರುಗಳ ವರದಿಯಲ್ಲಿ ಇದು ಸೆಡಿಮೆಂಟ್. ತಳದಲ್ಲಿ ಕೂತದ್ದು ಸೆಡಿಮೆಂಟ್, ಕೂತೇ ಮಾಡುವ ಕೆಲಸ ಸೆಡೆಂಟರಿ, ಚಂಚಲತೆಯಿಲ್ಲದೆ ನೆಲೆ ನಿಂತ ಸ್ವಭಾವ ಸೆಡೇಟ್. ಕೂರು ಎಂಬ ಅರ್ಥದ ಈ ಲ್ಯಾಟಿನ್ ಧಾತುವಿಗೆ ಸಂಸ್ಕೃತದ ‘ಸದ್’ ಧಾತು ಒಡಹುಟ್ಟು. ಸಂಸತ್ತು, ಪರಿಷತ್ತು, ಉಪನಿಷತ್ತು ಅದರಿಂದಲೇ ಬಂದವು. ಕನ್ನಡ ಮಾಧ್ಯಮದಲ್ಲಿ ಓದಿದ್ದು ಇಂಗ್ಲಿಷಿಗೆ ಅಡ್ಡಿ ಎನ್ನುವವರು ಈ ನಂಟನ್ನು ಗಮನಿಸಬೇಕು. ತತ್ಸಮಗಳನ್ನು ಬಿಡಿಸಿ ನೋಡುವುದನ್ನು ಕಲಿತ ಮಗುವಿಗೆ ಇಂಗ್ಲಿಷಿನ ದೊಡ್ಡ ಪದಗಳನ್ನು ಬಿಡಿಸುವುದು ಹೊಸ ವಿದ್ಯೆಯಲ್ಲ.

ಪದಕ್ಕೆ ಬೇರು ಎಷ್ಟು ಮುಖ್ಯವೋ ಸಂಗಾತಿಗಳೂ ಅಷ್ಟೇ ಮುಖ್ಯ. ಕಾಲುವೆ ಒಡೆದರೆ ಇಂಗ್ಲಿಷ್ ಪತ್ರಿಕೆ ‘ಬ್ರೀಚ್’ ಎನ್ನುತ್ತದೆ. ಕರಾರು ಮುರಿದರೂ ಬ್ರೀಚ್, ನಂಬಿಕೆ ಮುರಿದರೂ, ಊರಿನ ಶಾಂತಿ ಕದಡಿದರೂ ಬ್ರೀಚ್. ಆದರೆ ಕಪ್ಪು ಬಸಿ ಒಡೆದರೆ ಯಾರೂ ಆ ಪದ ಬಳಸುವುದಿಲ್ಲ. ಈ ತಿಳಿವಳಿಕೆ ಬಂದ ಮೇಲೆಯೇ ಪದ ನಮ್ಮದಾಯಿತು ಎನ್ನಬಹುದು. ಇದಕ್ಕೆ ಎ.ಎಸ್. ಹಾರ್ನ್‌ಬಿ ರೂಪಿಸಿದ, 1948ರಲ್ಲಿ ಆಕ್ಸ್‌ಫರ್ಡ್ ಪ್ರೆಸ್ ಹೊರತಂದ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಈಗಿನ ಯಾವುದೇ ಆವೃತ್ತಿ ನಂಬಿಕಸ್ಥ ಜೊತೆಗಾರ. ಅರ್ಥದ ಕೆಳಗೆ ಕೊಟ್ಟಿರುವ ಉದಾಹರಣೆ ವಾಕ್ಯಗಳನ್ನು ಬಿಡದೆ ಓದಬೇಕು. ಆ ನಿಘಂಟಿನ ಜೀವ ಇರುವುದೇ ಅಲ್ಲಿ.

ನಿಘಂಟಿನ ಮಾತು ಬಂದಾಗ ನಮ್ಮ ಸೀಮೆ ಹೆಮ್ಮೆಪಡುವ ಸಂಗತಿಯೊಂದಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಮೊದಮೊದಲು ನಿಘಂಟು ಕಟ್ಟಿದ ವಿಲಿಯಂ ರೀವ್ ಬೇರೆಲ್ಲೋ ಇದ್ದವನಲ್ಲ, ಪಕ್ಕದ ಬಳ್ಳಾರಿಯಲ್ಲಿದ್ದ ಪಾದ್ರಿ. ಅವನ ಇಂಗ್ಲಿಷ್–ಕರ್ನಾಟಕ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ತುಂಗಭದ್ರೆಯ ಈಚೆ, ರಾಯಚೂರು ಸೀಮೆ ಆಗ ನಿಜಾಮರದ್ದು. ಮುಂದೆ ಉರ್ದು ಇಲ್ಲಿಯ ಕಚೇರಿಯ ಭಾಷೆಯಾಯಿತು, 1948ರವರೆಗೂ ಹಾಗೇ ನಡೆಯಿತು. ನಮ್ಮ ಹಿರಿಯರು ಆ ಕಚೇರಿಯ ಪಹಣಿ, ಜಮಾಬಂದಿಯಂಥ ಪದಗಳನ್ನು ಕಲಿತದ್ದು ಪುಸ್ತಕದಿಂದಲ್ಲ, ಹೊಲದ ವ್ಯವಹಾರದಿಂದ.

ಎಷ್ಟು ಪದ ಬೇಕು ಎಂದು ಕೇಳುವವರಿಗೆ ಲೆಕ್ಕವೂ ಇದೆ. ಢಾಕಾದಲ್ಲಿ ಪಾಠ ಹೇಳಿದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ಅಡಿಪಾಯದ ಪದಗಳನ್ನು ಆರಿಸಿದರು. 2000ರಲ್ಲಿ ಭಾಷಾ ಸಂಶೋಧಕಿ ಎವರಿಲ್ ಕಾಕ್ಸ್‌ಹೆಡ್ ಅದರ ಮೇಲೆ 570 ಪದಬಳಗಗಳನ್ನು, ಅಂದರೆ ಒಂದೇ ಮೂಲಪದದ ರೂಪಗಳ ಗುಂಪುಗಳನ್ನು, ಉನ್ನತ ಓದಿಗಾಗಿ ಗುರುತಿಸಿದರು. ಪತ್ರಿಕೆ, ಕಾದಂಬರಿಗಳನ್ನು ತಡವರಿಸದೆ ಓದಲು 8000ದಿಂದ 9000 ಪದಬಳಗ ಬೇಕು ಎಂದು ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ತೋರಿಸಿದರು. ಈ ಸಂಖ್ಯೆಗೆ ಹೆದರಬೇಕಿಲ್ಲ, ಬಳಗ ಹಿಡಿದು ಹೋಗುವವರಿಗೆ ದಾರಿ ಬೇಗ ಸಾಗುತ್ತದೆ.

ಪದವಿ ಓದುವವರು ಮೊದಲು ಕೈಹಾಕಲಿ ಎಂದು ನಾನು ಬಯಸುವ ಇಂಗ್ಲಿಷ್ ಗದ್ಯ ಬಚಾವತ್ ನ್ಯಾಯಮಂಡಳಿಯ 1973ರ ವರದಿ. ಕೃಷ್ಣೆಯ 2060 ಟಿಎಂಸಿ ನೀರಿನಲ್ಲಿ ಕರ್ನಾಟಕದ ಪಾಲು ಗೊತ್ತುಮಾಡಿದ ತೀರ್ಪು ಅದು. ಅಪೋರ್ಷನ್‌ಮೆಂಟ್, ಎಕ್ವಿಟಬಲ್, ಡಿಪೆಂಡಬಲ್ ಫ್ಲೋ, ಯುಟಿಲೈಸೇಷನ್ ಎಂಬ ಪದಗಳು ಅಲ್ಲಿ ಮತ್ತೆ ಮತ್ತೆ, ಒಂದೊಂದು ಸಲ ಒಂದೊಂದು ವಾಕ್ಯದಲ್ಲಿ ಎದುರಾಗುತ್ತವೆ. ಮೊದಲ ಪುಟದಿಂದ ಶುರು ಮಾಡಬೇಡಿ. ತುಂಗಭದ್ರೆಯ ಹೆಸರಿರುವ ಭಾಗವನ್ನು ಹುಡುಕಿ, ದಿನಕ್ಕೊಂದು ಪುಟದಂತೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ. ಗೊತ್ತಿಲ್ಲದ ಪದವನ್ನು ಅದರ ಇಡೀ ವಾಕ್ಯದ ಸಮೇತ ನೋಟ್‌ಬುಕ್ಕಿಗೆ ಇಳಿಸಿ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳ ಮೇಲೆ ಮತ್ತೊಮ್ಮೆ ಪದವನ್ನು ಕೈಯಿಂದ ಮುಚ್ಚಿ, ಉಳಿದ ವಾಕ್ಯ ನೋಡಿ ಅದನ್ನು ನೆನೆಸಿಕೊಳ್ಳಿ.