ಬಂದವನಿಗೆ ಪಾತ್ರ ಕೊಡಿ

ಸರ್ವರ್ ಎಬ್ಬಿಸುವುದು ಒಂದು ಸಂಜೆಯ ಕೆಲಸ. ಅದರಲ್ಲಿ ಜನ ನಿಲ್ಲುವಂತೆ ಮಾಡುವುದು ಬೇರೆಯೇ ವಿದ್ಯೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹುಡುಗರು ಮೈನ್‌ಕ್ರಾಫ್ಟ್‌ನಲ್ಲಿ ಒಂದು ಊರು ಕಟ್ಟಿ, ನೀನು ಗೌಡ, ನೀನು ಕಮ್ಮಾರ, ನೀನು ಅಡಿಕೆ ದಲ್ಲಾಳಿ, ನೀನು ಕಳ್ಳ ಎಂದು ಹಂಚಿಕೊಂಡು ಆಡಲು ಹೊರಟರೆ ಅವರಿಗೆ ನನ್ನ ಮೊದಲ ಮಾತು: ಪ್ರಚಾರಕ್ಕೆ ಆತುರ ಬೇಡ.

ಇನ್‌ಸ್ಟಾಗ್ರಾಮ್‌ನಲ್ಲಿ ರೀಲ್ ಬಿಟ್ಟರೆ ಮೂವತ್ತು ಜನ ಬಂದೇ ಬರುತ್ತಾರೆ. ಆದರೆ ಒಬ್ಬ ಬೆಳಗ್ಗೆ, ಇನ್ನೊಬ್ಬ ಮಧ್ಯಾಹ್ನ, ಮತ್ತೊಬ್ಬ ನಡುರಾತ್ರಿ. ಪ್ರತಿಯೊಬ್ಬನಿಗೂ ಕಾಣುವುದು ಹಾಳೂರು. ಐದು ನಿಮಿಷ ತಿರುಗಾಡಿ ಹೋದವನು ಮತ್ತೆ ಬರುವುದಿಲ್ಲ. ಆದ್ದರಿಂದ ಸಣ್ಣ ಸರ್ವರ್ ಇಪ್ಪತ್ನಾಲ್ಕು ಗಂಟೆ ತೆರೆದಿರಲೇಬಾರದು ಎಂಬುದು ನನ್ನ ಹಟ. ರಾತ್ರಿ ಒಂಬತ್ತರಿಂದ ಹನ್ನೊಂದು, ವಾರಕ್ಕೆ ಮೂರು ದಿನ. ಉಳಿದ ಹೊತ್ತು ಬೀಗ. ಎಂಟೇ ಜನ ಇದ್ದರೂ ಎಂಟೂ ಜನ ಒಟ್ಟಿಗೆ ಸಿಕ್ಕರೆ ಊರು ತುಂಬಿದಂತೆ ಕಾಣುತ್ತದೆ. ಮೈನ್‌ಕ್ರಾಫ್ಟ್ ಸರ್ವರ್‌ನ ಸೆಟ್ಟಿಂಗ್ ಕಡತದಲ್ಲಿ ಆಟಗಾರರ ಮಿತಿ 20 ಎಂದೇ ಬರೆದು ಬಂದಿರುತ್ತದೆ. ಅದನ್ನು ಮುಟ್ಟಬೇಡಿ.

ಯಂತ್ರದ ವಿಚಾರ ಬೇಗ ಮುಗಿಸುತ್ತೇನೆ. ನಮ್ಮ ಕಡೆ ಹುಡುಗರ ಕೈಯಲ್ಲಿರುವುದು ಫೋನು. ಸರ್ವರ್ ಕಂಪ್ಯೂಟರಿನ ಜಾವಾ ಆವೃತ್ತಿಯದಾದರೆ ಫೋನಿನ ಬೆಡ್‌ರಾಕ್ ಆವೃತ್ತಿಯವರು ಹೊರಗುಳಿಯುತ್ತಾರೆ. ಗೈಸರ್, ಫ್ಲಡ್‌ಗೇಟ್ ಎಂಬ ಎರಡು ಉಚಿತ ಪ್ಲಗಿನ್ ಹಾಕಿದರೆ ಅವರೂ ಅದೇ ಊರಿಗೆ ಬರಬಹುದು. ಜಾವಾ ಖಾತೆಯನ್ನು ಬೇರೆ ಕೊಳ್ಳಬೇಕಿಲ್ಲ. ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡಹೊರಟವರಿಗೆ ಅಡ್ಡಿ ಕರೆಂಟೊಂದೇ ಅಲ್ಲ. ಹಲವು ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುವುದರಿಂದ ಹೊರಗಿನವರಿಗೆ ನಿಮ್ಮ ಮನೆಯ ಬಾಗಿಲೇ ಸಿಗುವುದಿಲ್ಲ. ಬೆಂಗಳೂರಿನಲ್ಲೋ ಮುಂಬೈನಲ್ಲೋ ಇರುವ ಬಾಡಿಗೆ ಸರ್ವರ್ ಹಿಡಿಯುವುದೇ ಲೇಸು.

ಇನ್ನು ಜನರ ವಿಚಾರ. ಇದಕ್ಕೆ ಅಮೆರಿಕದ ಗುರುಗಳು ಬೇಡ, ದಾವಣಗೆರೆ ಸೀಮೆಯ ಹಳ್ಳಿ ನಾಟಕ ಸಾಕು. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಗುಡಿ ಮುಂದೆಯೋ ಶಾಲೆ ಜಗಲಿಯಲ್ಲೋ ತಿಂಗಳುಗಟ್ಟಲೆ ತಾಲೀಮು. ನಾಯಕನಿಗೆ ಕಲಿಯುವ ಉಮೇದು ಇರುವುದರಲ್ಲಿ ಅಚ್ಚರಿಯಿಲ್ಲ. ನಾನು ನೋಡುತ್ತಿದ್ದುದು ದೂತನ ಪಾತ್ರದವನನ್ನು. ಒಂದೇ ಸಾಲಿನ ಮಾತು, ಆದರೂ ಒಂದು ದಿನ ತಪ್ಪಿಸುವವನಲ್ಲ. ಅವನು ಬಾರದಿದ್ದರೆ ಆ ಸೀನು ಮುಂದೆ ಹೋಗುವುದಿಲ್ಲ, ಅದು ಅವನಿಗೂ ಗೊತ್ತು, ರಾಜನಿಗೂ ಗೊತ್ತು. ಪರದೆ ಎಳೆಯುವವನದೂ ಅದೇ ಗತ್ತು. ಸರ್ವರ್‌ಗೆ ಹೊಸಬ ಕಾಲಿಟ್ಟ ಅರ್ಧ ಗಂಟೆಯೊಳಗೆ ಅವನಿಗೆ ಇಂಥದೊಂದು ಕೆಲಸ ಸಿಗಬೇಕು. ಇಪ್ಪತ್ತು ಪುಟದ ನಿಯಮಾವಳಿ ಓದಿಸಬೇಡಿ. 'ಬಾರಪ್ಪ, ಕಮ್ಮಾರನಿಗೆ ಕಬ್ಬಿಣ ಮುಗಿದಿದೆ, ಗಣಿಗೆ ಹೋಗಿ ತಂದುಕೊಡು' ಎನ್ನಿ. ಮುಂದಿನ ಸಲ ಅವನು ಬರದಿದ್ದರೆ ಕಮ್ಮಾರ ಕೇಳುತ್ತಾನೆ.

ಅದೇ ನಾಟಕದಿಂದ ಕಲಿಯಬಾರದ್ದೂ ಒಂದಿದೆ. ಹಳ್ಳಿಯಲ್ಲಿ ಪಾತ್ರಕ್ಕೆ ಹಣ ಕಟ್ಟುವ ರೂಢಿಯುಂಟು. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಸೀನರಿ, ಮೈಕು, ಹೊರಗಿಂದ ಕರೆಸುವ ಕಲಾವಿದೆಯರ ಸಂಭಾವನೆ ಎಲ್ಲ ಅದರಲ್ಲೇ ಆಗಬೇಕು, ಸರಿ. ಒಂದು ರಾತ್ರಿಯ ಆಟಕ್ಕೆ ಇದು ನಡೆಯುತ್ತದೆ. ವರ್ಷಗಟ್ಟಲೆ ನಡೆಯಬೇಕಾದ ಊರಿನಲ್ಲಿ ಗೌಡಿಕೆಯನ್ನು ಮಾರಿದರೆ ಮಿಕ್ಕವರು ಯಾಕೆ ಆಡಬೇಕು? ಸರ್ವರ್‌ನವರು ದುಡ್ಡು ಪಡೆದು ಕತ್ತಿ, ಬಲ ಮಾರುವುದನ್ನು ಮೈನ್‌ಕ್ರಾಫ್ಟ್ ತಯಾರಕರಾದ ಮೊಜಾಂಗ್ 2014ರಲ್ಲೇ ನಿಷಿದ್ಧವೆಂದು ಸ್ಪಷ್ಟಪಡಿಸಿದರು. ಟೋಪಿ, ವೇಷಗಳಂಥ ಅಲಂಕಾರ ಮಾರಿಕೊಳ್ಳಲು ಬಿಟ್ಟರು. ಬಾಡಿಗೆ ಹಣವನ್ನು ಎಲ್ಲರೂ ಸಮನಾಗಿ ಹಾಕಿಕೊಳ್ಳಿ, ಪಾತ್ರವನ್ನು ಆಟವೇ ತೀರ್ಮಾನಿಸಲಿ.

ಇಂಥ ಆಟಗಳ ಮೂಲ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯ. 1978ರಲ್ಲಿ ರಾಯ್ ಟ್ರಬ್‌ಶಾ ಬರೆಯಲು ತೊಡಗಿದ ಮಡ್ ಎಂಬ ಅಕ್ಷರಗಳ ಆಟವನ್ನು ಬೆಳೆಸಿದವರು ರಿಚರ್ಡ್ ಬಾರ್ಟಲ್. 1996ರ ಲೇಖನದಲ್ಲಿ ಅವರು ಆಟಗಾರರನ್ನು ನಾಲ್ಕು ಜಾತಿ ಮಾಡಿದರು: ಗೆಲ್ಲಬೇಕೆನ್ನುವವರು, ಮೂಲೆಮೂಲೆ ಹುಡುಕುವವರು, ಹರಟಲು ಬರುವವರು, ಇನ್ನೊಬ್ಬರನ್ನು ಪೀಡಿಸಿ ಸುಖಪಡುವವರು. ಸಾವಿರ ಜನರ ಸರ್ವರ್ ನಾಲ್ಕನೆಯವರನ್ನು ತಾಳಿಕೊಂಡೀತು. ಇಪ್ಪತ್ತು ಜನರ ಊರನ್ನು ಬರಿದು ಮಾಡಲು ಅಂಥವನೊಬ್ಬ ಸಾಕು. ಅವನು ಸರ್ವರ್ ನಡೆಸುವವನ ಜೀವದ ಗೆಳೆಯನೇ ಆಗಿರುವುದು ಸಾಮಾನ್ಯ.

ದೊಡ್ಡ ಕಂಪನಿಗಳಿಂದ ಎರವಲು ತರಬಾರದ ಚಾಳಿಯೂ ಒಂದಿದೆ: ದಿನವೂ ಬಂದವನಿಗೆ ಬಹುಮಾನ, ಬಾರದವನಿಗೆ ನಷ್ಟ. ಭದ್ರಾ ನಾಲೆಗೆ ನೀರು ಬಿಟ್ಟರೆ ಹೊನ್ನಾಳಿ ಕಡೆಯವನು ನಾಟಿಗೆ ಹೋಗಲೇಬೇಕು. ಅಡಿಕೆ ಕೊಯ್ಲಿನಲ್ಲಿ ಚನ್ನಗಿರಿಯವನಿಗೆ ಪುರಸೊತ್ತಿಲ್ಲ, ಮೆಕ್ಕೆಜೋಳದ ಕಾಲಕ್ಕೆ ಜಗಳೂರಿನವನಿಗಿಲ್ಲ. ಮಾರ್ಚ್ ಪರೀಕ್ಷೆಯದು, ಅದರ ಬೆನ್ನಿಗೇ ಐಪಿಎಲ್. ತಿಂಗಳು ಬಿಟ್ಟು ಬಂದವನ ಮನೆ ಹಾಗೇ ಇರಬೇಕು. ಅವನ ಅಂಗಡಿಯನ್ನು ಪಕ್ಕದವನು ನೋಡಿಕೊಂಡಿದ್ದರೆ ಇನ್ನೂ ಚೆಂದ, ಲೆಕ್ಕ ಕೇಳುವ ನೆಪದಲ್ಲಿ ಒಂದು ಜಗಳದ ಸೀನು ಸಿಗುತ್ತದೆ.

ಹೊಸದನ್ನು ಸೇರಿಸುತ್ತಲೇ ಇರಬೇಕೆಂಬ ಚಡಪಡಿಕೆ ಇರುವವರು ನೊಸ್ಟಾಲ್ರಿಯಸ್ ಎಂಬ ಹವ್ಯಾಸಿಗಳ ಸರ್ವರ್‌ನ ಕತೆ ತಿಳಿದುಕೊಳ್ಳಲಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟ ಹೊಸ ವೇಷ ತೊಟ್ಟು ಮುಂದೆ ಹೋದ ಮೇಲೂ ಈ ಹವ್ಯಾಸಿಗಳು ಅದರ ಹಳೆಯ ರೂಪವನ್ನು ಪುಕ್ಕಟೆಯಾಗಿ ನಡೆಸಿದರು. ಅವರೇ ಹೇಳಿಕೊಂಡಂತೆ ಸಕ್ರಿಯ ಆಟಗಾರರು ಒಂದೂವರೆ ಲಕ್ಷ. ಅದು ಪರವಾನಗಿ ಇಲ್ಲದ ಸರ್ವರ್. ಆಟ ತಯಾರಿಸಿದ ಕಂಪನಿಯ ವಕೀಲರ ಪತ್ರ ಬಂದು 2016ರ ಏಪ್ರಿಲ್‌ನಲ್ಲಿ ಮುಚ್ಚಿತು. 2019ರ ಆಗಸ್ಟ್‌ನಲ್ಲಿ ಅದೇ ಕಂಪನಿ ಹಳೆಯ ಆಟವನ್ನು 'ಕ್ಲಾಸಿಕ್' ಎಂದು ತಾನೇ ತಂದಿತು.

ನಿಮ್ಮ ಊರಿಗೆ ವಕೀಲರ ಪತ್ರ ಬರಲಾರದು. ಪಿಯುಸಿ ಮುಗಿಸಿ ನಾಲ್ವರು ಬೆಂಗಳೂರಿಗೆ, ಇಬ್ಬರು ಮಂಗಳೂರಿಗೆ ಹೋದಾಗ ಆಟ ತಾನಾಗಿ ಸೊರಗುತ್ತದೆ. ಆಗ ಜಗ್ಗಾಡದೆ ಕೊನೆಯ ದಿನ ಇಂಥದೆಂದು ಮೊದಲೇ ಸಾರಿ, ಅವತ್ತು ಎಲ್ಲರನ್ನೂ ಕರೆದು ಒಂದು ಜಾತ್ರೆ ಮಾಡಿ. ಆಮೇಲೆ ಆ ಜಗತ್ತಿನ ಕಡತವನ್ನು ಆಡಿದವರಿಗೆಲ್ಲ ಕಳಿಸಿಕೊಡಿ. ಅವರಲ್ಲೇ ಯಾರಾದರೊಬ್ಬರು ಮುಂದಿನ ಬೇಸಿಗೆ ರಜೆಗೆ ಅದನ್ನು ಮತ್ತೆ ಎಬ್ಬಿಸಿಯಾರು.