ಕಿಲೋ ಹಸಿವಿಗೆ ಗ್ರಾಂ ಬಾಟಲಿ

ಈ ವಾರ ಹನಿ ನೀರಾವರಿಯ ಪೈಪಿಗೆ ಗೊಬ್ಬರ ಎಳೆದುಕೊಡುವ ವೆಂಚುರಿ ಕೂರಿಸುವ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅದು ಮುಂದಕ್ಕೆ ಹೋಗಿದೆ. ಹಾವೇರಿ, ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ ಮೊಣಕಾಲುದ್ದ ಬಂದಿದೆ, ಮೇಲುಗೊಬ್ಬರದ ಹೊತ್ತು, ಗೊಬ್ಬರದಂಗಡಿ ಮುಂದೆ ಪಾಳಿ. ಪಾಳಿಯಲ್ಲಿ ನಿಂತವರ ದೂರು ಒಂದೇ: ಯೂರಿಯಾ ಮೂಟೆ ಬೇಕಾದರೆ ಜತೆಗೆ ದ್ರವ ಗೊಬ್ಬರದ ಬಾಟಲಿಯನ್ನೂ ಕೊಳ್ಳಬೇಕಂತೆ. ಹೀಗೆ ಒಂದಕ್ಕೊಂದು ಗಂಟು ಹಾಕಿ ಮಾರಬಾರದೆಂದು ಸರ್ಕಾರ ಹೇಳುತ್ತಲೇ ಇದೆ. ಗಂಟು ಮಾತ್ರ ಬಿಚ್ಚಿಲ್ಲ. ವೆಂಚುರಿ ಕಾಯಲಿ, ಬಾಟಲಿಯ ಬಾಕಿ ಮೊದಲು ತೀರಿಸೋಣ.

ಹಳೆಯ ಓದುಗರಿಗೆ ನನ್ನ ಪಲ್ಲವಿ ಗೊತ್ತು: ಗ್ರಾಂ ಲೆಕ್ಕದ್ದು ಎಲೆಗೆ, ಕಿಲೋ ಲೆಕ್ಕದ್ದು ಬೇರಿಗೆ. ಸುಳಿ ಬೆಳ್ಳಗಾದರೆ ಸತುವಿನ ಕೊರತೆ. ಅರ್ಧ ಪರ್ಸೆಂಟ್ ಸತುವಿನ ಸಲ್ಫೇಟಿಗೆ ಕಾಲು ಪರ್ಸೆಂಟ್ ಸುಣ್ಣ ಬೆರೆಸಿ ಎಲೆಗೆ ಹೊಡೆಯಿರಿ, ಬೆಳೆ ಎಚ್ಚೆತ್ತುಕೊಳ್ಳುತ್ತದೆ. ಅದು ಗ್ರಾಂ ಬಾಬತ್ತು. ಸಾರಜನಕದ ಬಾಬತ್ತೇ ಬೇರೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, ಅಂದರೆ ಎಕರೆಗೆ 40 ಕಿಲೋ. ಅರ್ಧ ಬಿತ್ತುವಾಗ, ಉಳಿದರ್ಧ ತಿಂಗಳ ಪೈರಿಗೆ. 45 ಕಿಲೋ ಯೂರಿಯಾ ಮೂಟೆಯಲ್ಲಿ ಸಾರಜನಕ ಶೇ 46, ಅಂದರೆ 20.7 ಕಿಲೋ. ಎಕರೆಗೆ ಒಂದು ಮೂಟೆಯ ಮೇಲುಗೊಬ್ಬರ ಎಂಬ ರೂಢಿ ಇದರಿಂದಲೇ ಬಂದದ್ದು.

ಈಗ ಬಾಟಲಿಗೆ ಬನ್ನಿ. 2021ರಲ್ಲಿ ಬಂದ ನ್ಯಾನೊ ಯೂರಿಯಾ ಅರ್ಧ ಲೀಟರಿನದು, ಅದರಲ್ಲಿದ್ದ ಸಾರಜನಕ ಶೇ 4. ಗುಣಿಸಿದರೆ 20 ಗ್ರಾಂ. ಈ 20 ಗ್ರಾಂ ಒಂದು ಮೂಟೆಗೆ ಸಮವೆಂದು ಪ್ರಚಾರ ನಡೆಯಿತು. ಆಮೇಲೆ ಶೇ 20ರ ‘ಪ್ಲಸ್’ ಬಂತು. ಅದರಲ್ಲೂ ಇರುವುದು ನೂರು ಗ್ರಾಂ ಆಸುಪಾಸು. ಬಾಟಲಿ ಪಂಥದವರ ಉತ್ತರ ಸಿದ್ಧವಾಗಿಯೇ ಇರುತ್ತದೆ: ಮೂಟೆಯದು ಅರ್ಧಕ್ಕರ್ಧ ಪೋಲು, ನಮ್ಮ ಕಣ ಸಣ್ಣದು, ನೇರ ಎಲೆಯೊಳಗೆ ಇಳಿಯುತ್ತದೆ. ಆಯಿತು, ಒಪ್ಪಿದೆ. ಮೂಟೆಯ ಅರ್ಧ ಗಾಳಿಗೂ ನೀರಿಗೂ ಹೋಗಲಿ, ಹತ್ತು ಕಿಲೋ ಉಳಿಯಿತು. ಬಾಟಲಿಯ ಇಪ್ಪತ್ತು ಗ್ರಾಂ ಒಂದು ಹನಿಯೂ ಚೆಲ್ಲದೆ ಗಿಡ ಸೇರಲಿ. ಅಂತರ ಆಗಲೂ 500 ಪಟ್ಟು. ಎಕರೆಗೆ ಇಪ್ಪತ್ತು ಕ್ವಿಂಟಲ್ ಕಾಳು ಮಾರಿದವನ ಹೊಲದಿಂದ ಆ ಕಾಳಿನ ಜತೆ 25 ಕಿಲೋಗೂ ಹೆಚ್ಚು ಸಾರಜನಕ ಲಾರಿ ಹತ್ತಿರುತ್ತದೆ. ಇಪ್ಪತ್ತು ಗ್ರಾಂ ಕೊಟ್ಟೂ ಬೆಳೆ ಬಂತು ಎನ್ನುವವರು ನಿಜವನ್ನೇ ಹೇಳುತ್ತಾರೆ. ಆದರೆ ಅದನ್ನು ಕೊಟ್ಟದ್ದು ಮಣ್ಣು, ಬಾಟಲಿಯಲ್ಲ. ಮಣ್ಣಿನ ಗಂಟು ಒಂದೆರಡು ವರ್ಷ ನಡೆಸೀತು. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭತ್ತ, ಗೋಧಿಯಲ್ಲಿ ಎರಡು ವರ್ಷ ಪರೀಕ್ಷಿಸಿ ಇಳುವರಿ ಕುಸಿದದ್ದನ್ನೇ ಕಂಡರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2023ರಲ್ಲಿ ‘ಪ್ಲಾಂಟ್ ಅಂಡ್ ಸಾಯಿಲ್’ ಪತ್ರಿಕೆಯಲ್ಲಿ ಈ ಪ್ರಚಾರವನ್ನೇ ಪ್ರಶ್ನಿಸಿದರು.

ಡ್ರಮ್ಮಿನಲ್ಲಿ ಜೀವಾಮೃತ ಕಲೆಸುವ ಪಂಥದವರು ಇಷ್ಟಕ್ಕೇ ಹಿಗ್ಗಬೇಕಿಲ್ಲ. ಹತ್ತು ಕಿಲೋ ಸಗಣಿ, ಹತ್ತು ಲೀಟರು ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಹಿಡಿ ಮಣ್ಣು, ಇನ್ನೂರು ಲೀಟರು ನೀರು. ಜೀವಾಮೃತದ ಈ ಸಾಮಗ್ರಿಯನ್ನೆಲ್ಲ ಕೂಡಿಸಿದರೂ ಸಾರಜನಕ ಇನ್ನೂರು ಗ್ರಾಂ ದಾಟುವುದು ಕಷ್ಟ. ಅದು ಊಟವಲ್ಲ, ಹೆಪ್ಪು ಎಂದು ಜೀವಾಮೃತ ಹೇಳಿಕೊಟ್ಟ ಪಾಳೇಕರರೇ ಹೇಳುತ್ತಾರೆ. ಹೆಪ್ಪು ಬೇಡವೆಂದು ನಾನೂ ಹೇಳಲಾರೆ. ಆದರೆ ಹಾಲಿಲ್ಲದ ಗಡಿಗೆಗೆ ಎಷ್ಟು ಹೆಪ್ಪು ಹಾಕಿ ಏನು ಪ್ರಯೋಜನ?

ಇನ್ನು ‘ಅಮೆರಿಕದಲ್ಲಿ ಎಲ್ಲ ದ್ರವವೇ’ ಎನ್ನುವವರಿದ್ದಾರೆ. ಹೌದು, ಅಯೋವಾದ ರೈತ ನಿಂತ ಮೆಕ್ಕೆಜೋಳಕ್ಕೆ ಯೂರಿಯಾ ಮತ್ತು ಅಮೋನಿಯಂ ನೈಟ್ರೇಟ್ ಕರಗಿಸಿದ ದ್ರಾವಣ ಕೊಡುತ್ತಾನೆ. ಅದರಲ್ಲಿ ಸಾರಜನಕ ಶೇ 28, ಇಲ್ಲವೇ 32. ಶೇ 28ರದೇ ಒಂದು ಲೀಟರಿನಲ್ಲಿ 350 ಗ್ರಾಂಗೂ ಮಿಕ್ಕಿ ಇರುತ್ತದೆ. ಅದನ್ನವನು ಎಲೆಗೆ ಹೊಡೆಯುವುದಿಲ್ಲ, ಹೊಡೆದರೆ ಎಲೆ ಸುಡುತ್ತದೆ. ಸಾಲುಗಳ ನಡುವೆ ಚಕ್ರದಿಂದ ಮಣ್ಣು ಸೀಳಿ ಅದರೊಳಗೆ ಬಿಡುತ್ತಾನೆ. ಬೆಳೆ ಎತ್ತರವಾಗಿದ್ದರೆ ಎತ್ತರದ ಯಂತ್ರದಿಂದ ಕೊಳವೆ ಇಳಿಬಿಟ್ಟು ಬುಡದಲ್ಲಿ ಸುರಿಸುತ್ತಾನೆ. ದ್ರವವಾದರೆ ಪಂಪಿನಿಂದ ತಳ್ಳುವುದು ಸಲೀಸು. ನೂರಾರು ಎಕರೆಯವನಿಗೆ ಅದೇ ಅನುಕೂಲ, ಅದರಾಚೆ ಪವಾಡವೇನೂ ಇಲ್ಲ. ಅವನೂ ಕಿಲೋ ಲೆಕ್ಕದ್ದನ್ನು ಬೇರಿಗೇ ಹಾಕುತ್ತಾನೆ.

ಇಲ್ಲಿಗೆ ನಿಲ್ಲಿಸಿ ಗೊಬ್ಬರ ಕೊಡುವ ವಿಧಾನಕ್ಕೆ ಹೋಗಬೇಕಿತ್ತು. ಆದರೆ ಬಾಟಲಿಗೆ ನಾವು ಇಷ್ಟು ಸುಲಭವಾಗಿ ಮಾರುಹೋಗುವುದೇಕೆ ಎಂಬ ಪ್ರಶ್ನೆ ಅದಕ್ಕಿಂತ ರುಚಿಯಾದದ್ದು. ಉತ್ತರ ಇರುವುದು ಮೆಕ್ಕೆಜೋಳ ನಮಗೆ ಹೊಸ ಬೆಳೆ ಎಂಬುದರಲ್ಲಿ.

ಸೋಮನಾಥಪುರದ ಹೊಯ್ಸಳ ಗುಡಿ ನೋಡಿದವರಿಗೆ ಅಲ್ಲಿನ ಕೆಲವು ವಿಗ್ರಹಗಳ ಕೈಯಲ್ಲಿರುವ, ಸಾಲುಸಾಲು ಗುಂಡುಗಳ ಉದ್ದನೆಯ ವಸ್ತು ನೆನಪಿರಬಹುದು. ಥೇಟು ಮೆಕ್ಕೆಜೋಳದ ತೆನೆ. 1989ರಲ್ಲಿ ಸಂಶೋಧಕರಾದ ಕಾರ್ಲ್ ಜೊಹಾನೆಸನ್ ಮತ್ತು ಆ್ಯನ್ ಪಾರ್ಕರ್ ಅದು ತೆನೆಯೇ ಎಂದೂ, ಕೊಲಂಬಸನಿಗೆ ಮೊದಲೇ ಮೆಕ್ಕೆಜೋಳ ಕನ್ನಡನಾಡು ತಲುಪಿತ್ತೆಂದೂ ವಾದಿಸಿದರು. 1993ರಲ್ಲಿ ಪಾಯಕ್ ಮತ್ತು ಸಚನ್ ಎಂಬ ಸಂಶೋಧಕರು ಅದನ್ನು ಅಲ್ಲಗಳೆದರು. ಅವರ ಪ್ರಕಾರ ಅದು ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ. ನಾನು ಇವರ ಕಡೆಯವನು. ನನ್ನ ಕಾರಣ ಶಿಲ್ಪಶಾಸ್ತ್ರದ್ದಲ್ಲ. ಇಷ್ಟು ತಿನ್ನುವ ಬೆಳೆ ಎಂಟು ಶತಮಾನ ಇಲ್ಲಿದ್ದಿದ್ದರೆ ಅದರ ಹಸಿವಿನ ಬಗ್ಗೆ ನಮ್ಮ ರೈತ ಗಾದೆ ಕಟ್ಟದೆ ಬಿಡುತ್ತಿರಲಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ ತೆಗೆದು ನೋಡಿ. ನಮ್ಮಲ್ಲಿ ಬೆಳೆಯ ಗುಣ ಅಳೆದ ಕಾವ್ಯ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಭತ್ತಕ್ಕೂ ನರೆದಲೆಗನೆಂಬ ರಾಗಿಗೂ ರಾಮನೆದುರೇ ಜಗಳ ಹತ್ತುತ್ತದೆ. ಯಾರು ಹೆಚ್ಚು? ಭತ್ತಕ್ಕೆ ತನ್ನ ಕುಲದ ಹಮ್ಮು. ತಾನು ದೇವರ ನೈವೇದ್ಯ, ಹಬ್ಬದೂಟ, ಉಳ್ಳವರ ತಟ್ಟೆ. ರಾಗಿ ಬಗ್ಗುವುದಿಲ್ಲ. ಮಳೆ ಹೋದ ವರ್ಷ ಬಡವರ ಜೀವ ಹಿಡಿದವರು ಯಾರೆಂದು ಕೇಳುತ್ತದೆ. ರಾಮ ಮಾತಿನಲ್ಲಿ ತೀರ್ಪು ಕೊಡುವುದಿಲ್ಲ, ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ತೆರೆದು ನೋಡಿದರೆ ಭತ್ತ ಸೊರಗಿದೆ, ರಾಗಿ ಗಟ್ಟಿಯಾಗಿದೆ. ರಾಗಿಗೆ ರಾಘವನ ಹೆಸರೇ ಸಿಗುತ್ತದೆ. ಆ ಧಾನ್ಯಸಭೆಯಲ್ಲಿ ಮೆಕ್ಕೆಜೋಳಕ್ಕೆ ಪೀಠವಿಲ್ಲ. ಇದ್ದಿದ್ದರೆ, ಸರಿಯಾಗಿ ಒಣಗದ ಕಾಳಾಗಿದ್ದರೆ, ಆರು ತಿಂಗಳಿಗೆ ಬೂಷ್ಟು ಹಿಡಿದೇ ಹೊರಬರುತ್ತಿತ್ತು. ಕನಕರ ಬಾಡ, ಕಾಗಿನೆಲೆ ಇರುವುದು ಹಾವೇರಿ ಜಿಲ್ಲೆಯಲ್ಲಿ. ಇಂದು ಅದೇ ಜಿಲ್ಲೆಯ ಹೊಲ ಹೊಲಗಳಲ್ಲಿ ಮೆಕ್ಕೆಜೋಳ. ಬೆಳೆದದ್ದು ಬಹುಪಾಲು ಹೋಗುವುದು ಕೋಳಿಯ ಮೇವಿಗೆ, ಗಂಜಿಪುಡಿಯ ಕಾರ್ಖಾನೆಗೆ, ಎಥೆನಾಲಿಗೆ.

ರಾಗಿಗೆ, ಬಿಳಿಜೋಳಕ್ಕೆ ಎಷ್ಟು ಗೊಬ್ಬರ ಸಾಕೆಂದು ಹಿರಿಯರ ಕೈಗೇ ಗೊತ್ತಿತ್ತು. ಮೆಕ್ಕೆಜೋಳದ ಅಳತೆಯನ್ನು ಅವರು ನಮಗೆ ಬಿಟ್ಟುಹೋಗಲಿಲ್ಲ, ಅವರ ಬಳಿಯೂ ಅದು ಇರಲಿಲ್ಲ. ಆ ಖಾಲಿ ಜಾಗಕ್ಕೆ ಅಂಗಡಿಯವನು ಬಂದು ಕೂತಿದ್ದಾನೆ. ಹಿರಿಯರ ಅಂದಾಜಿಲ್ಲದ ಕಡೆ ನಮಗೆ ಆಸರೆ ಗುಣಾಕಾರವೊಂದೇ.

ಜಾಗ ಮುಗಿಯುತ್ತಿದೆ, ವಿಧಾನ ಚುಟುಕಾಗಿ ಹೇಳುತ್ತೇನೆ. ಮಳೆಯಾಶ್ರಿತದವರು ಹದ ನೋಡಿ ಸಾಲಿನ ಪಕ್ಕ ಯೂರಿಯಾ ಬಿಟ್ಟು, ಅಂದೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ತೆರೆದಿಟ್ಟ ಯೂರಿಯಾ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಮೇಲಿಂದ ಎರಚಿದರೆ ಸುಳಿಯಲ್ಲಿ ಕೂತು ಎಲೆ ಸುಡುತ್ತದೆ. ಹನಿ ನೀರಾವರಿಯವರಿಗೆ ದ್ರವವೇ ಸರಿ. ಮೊದಲು ಬರೀ ನೀರು, ಪಾಳಿಯ ಕೊನೆಯ ಭಾಗದಲ್ಲಿ ಕರಗಿಸಿದ ಯೂರಿಯಾ, ಆಮೇಲೆ ಪೈಪು ತೊಳೆಯುವಷ್ಟು ನೀರು. ಮೊದಲೇ ಬಿಟ್ಟರೆ ಅದು ಬೇರು ದಾಟಿ ಕೆಳಗಿಳಿಯುತ್ತದೆ. ಮಳೆ ಕೈಕೊಟ್ಟು ಬೇರು ಕುಡಿಯಲಾರದೆ ನಿಂತಾಗ ಶೇ 2ರ ಯೂರಿಯಾ ಸಿಂಪಡಣೆ ತಾತ್ಕಾಲಿಕ ಉಪಚಾರ. ಇನ್ನೂರು ಲೀಟರಿಗೆ ನಾಲ್ಕು ಕಿಲೋ ಯೂರಿಯಾ ಹಾಕಿದರೂ ಸಾರಜನಕ ಎರಡು ಕಿಲೋ ಮುಟ್ಟುವುದಿಲ್ಲ. ಉಪಚಾರವನ್ನೇ ಊಟವೆಂದುಕೊಳ್ಳಬೇಡಿ. ಸೈನಿಕ ಹುಳುವಿನ ಔಷಧಿಯ ಡ್ರಮ್ಮಿಗೆ ಗೊಬ್ಬರವನ್ನೂ ಸುರಿದು ಒಂದೇ ಸಲ ಮುಗಿಸುವ ಆತುರವೂ ಬೇಡ.

ಮೊಣಕಾಲುದ್ದದಿಂದ ಸೂಲಂಗಿ ಹೊರಡುವವರೆಗಿನ ವಾರಗಳಲ್ಲೇ ಈ ಬೆಳೆ ಅತಿ ಹೆಚ್ಚು ಸಾರಜನಕ ಎಳೆಯುವುದು. ಆ ವಾರಗಳು ಶುರುವಾಗಿವೆ. ಬಾಟಲಿ ಕೈಗೆ ಬಂದರೆ ಲೇಬಲ್ ತಿರುಗಿಸಿ ಎರಡು ಅಂಕಿ ನೋಡಿ: ಎಷ್ಟು ಮಿಲಿಲೀಟರು, ಎಷ್ಟು ಪರ್ಸೆಂಟ್. ಗುಣಿಸಿದಾಗ ಗ್ರಾಂ ಬಂದರೆ, ಕಿಲೋ ಕೇಳುವ ಬೆಳೆಗೆ ಅದು ಸಾಲದು. ಮೂಟೆಯ ಜತೆ ಗಂಟು ಹಾಕಿ ಕೊಟ್ಟರೆ ಬೇಡವೆನ್ನಿ. ಒಪ್ಪದಿದ್ದರೆ ಬಿಲ್ಲು ಬರೆಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬರವಣಿಗೆಯಲ್ಲಿ ದೂರು ಕೊಡಿ.